ಯಾವ ‘ಒತ್ತಡ’?

‘ವಿದ್ಯುತ್ ಒತ್ತಡ ಹೆಚ್ಚಾಗಿ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿದೆ.’ ಬೇಸಿಗೆಯ ದಿನಗಳಲ್ಲಿ ಇಂಥ ವಾಕ್ಯಗಳು ಪತ್ರಿಕೆಗಳಲ್ಲಿ ಸಾಮಾನ್ಯ. ವ್ಯಾಕರಣದ ದೋಷವೇನೂ ಇಲ್ಲ. ಆದರೆ ಹೆಚ್ಚಾದದ್ದು ಏನು ಎಂದು ಕೇಳಿದರೆ ವಾಕ್ಯ ಉತ್ತರ ಕೊಡುವುದಿಲ್ಲ. ಅದು ವೋಲ್ಟೇಜ್ ಆಗಿರಬಹುದು. ಟ್ರಾನ್ಸ್‌ಫಾರ್ಮರಿನ ಮೇಲೆ ಬಿದ್ದ ಹೊರೆ, ಅಂದರೆ ಲೋಡ್ ಆಗಿರಬಹುದು. ಕನ್ನಡದಲ್ಲಿ ಎರಡಕ್ಕೂ ‘ಒತ್ತಡ’ ಎನ್ನುವ ರೂಢಿ ಇದೆ.

ಈ ಎರಡು ಅರ್ಥಗಳು ಪರಸ್ಪರ ಹತ್ತಿರವಾಗಿದ್ದರೆ ಕ್ಷಮಿಸಬಹುದಿತ್ತು. ಇಲ್ಲಿ ಅವು ಎದುರುಬದುರು. ಹಳ್ಳಿಯ ಒಂದು ವಿತರಣಾ ಟ್ರಾನ್ಸ್‌ಫಾರ್ಮರನ್ನು ತೆಗೆದುಕೊಳ್ಳಿ. ಅದು 11 ಕಿಲೋವೋಲ್ಟನ್ನು 433 ವೋಲ್ಟಿಗೆ ಇಳಿಸುತ್ತದೆ. ಕರೆಂಟು ಬಂದೊಡನೆ ಸುತ್ತಲ ಹೊಲಗಳ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡತೊಡಗುತ್ತವೆ. ವಿದ್ಯುತ್ ಪ್ರವಾಹ ಏರುತ್ತದೆ. ತಂತಿಯಲ್ಲೇ ನಷ್ಟವಾಗುವ ವೋಲ್ಟೇಜ್ ಹೆಚ್ಚಿ, ಮೋಟಾರಿಗೆ ತಲುಪುವ ವೋಲ್ಟೇಜ್ ಕುಸಿಯುತ್ತದೆ. ಅಷ್ಟೇ ನೀರನ್ನು ಕಡಿಮೆ ವೋಲ್ಟೇಜಿನಲ್ಲಿ ಎತ್ತಬೇಕಾದ ಇಂಡಕ್ಷನ್ ಮೋಟಾರು ಇನ್ನಷ್ಟು ಪ್ರವಾಹವನ್ನು ಎಳೆಯುತ್ತದೆ. ಸುರುಳಿಯಲ್ಲಿ ಹುಟ್ಟುವ ಉಷ್ಣವು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ಪ್ರವಾಹ ಶೇಕಡಾ 30ರಷ್ಟು ಹೆಚ್ಚಿದರೆ ಉಷ್ಣ ಶೇಕಡಾ 69ರಷ್ಟು ಹೆಚ್ಚುತ್ತದೆ. ಇದು ಬಹಳ ಹೊತ್ತು ಮುಂದುವರಿದರೆ ಇನ್ಸುಲೇಷನ್ ಹಾಳಾಗಿ ಸುರುಳಿ ಸುಡುತ್ತದೆ.

ಅಂದರೆ ಒಂದು ‘ಒತ್ತಡ’ ಏರಿದ ದಿನವೇ ಇನ್ನೊಂದು ‘ಒತ್ತಡ’ ಇಳಿದಿತ್ತು! ಸುದ್ದಿಯನ್ನು ವೋಲ್ಟೇಜ್ ಎಂದು ಓದಿದ ವಿದ್ಯಾರ್ಥಿ ನಡೆದದ್ದಕ್ಕೆ ತದ್ವಿರುದ್ಧವಾದುದನ್ನು ಕಲಿಯುತ್ತಾನೆ. ಪರಿಹಾರವೂ ಬೇರೆ. ಹೊರೆ ಹೆಚ್ಚಿದ್ದರೆ ದೊಡ್ಡ ಅಥವಾ ಇನ್ನೊಂದು ಟ್ರಾನ್ಸ್‌ಫಾರ್ಮರ್ ಬೇಕು, ಇಲ್ಲವೇ ಪಂಪ್‌ಗಳನ್ನು ಸರದಿಯಲ್ಲಿ ಓಡಿಸಬೇಕು. ಸಿಡಿಲಿನಿಂದ ವೋಲ್ಟೇಜ್ ಒಮ್ಮೆಲೇ ಏರಿದ್ದರೆ ಬೇಕಾದದ್ದು ಅರೆಸ್ಟರ್ ಮತ್ತು ಸರಿಯಾದ ಅರ್ಥಿಂಗ್. ಗ್ರಾಮಸ್ಥರು ಯಾವುದಕ್ಕೆ ಅರ್ಜಿ ಬರೆಯಬೇಕು?

ಇಂಗ್ಲಿಷ್ ಈ ವಿಷಯದಲ್ಲಿ ಪರಿಶುದ್ಧವೆಂದು ಭಾವಿಸಬೇಕಿಲ್ಲ. ‘ಹೈ ಟೆನ್ಷನ್’ ತಂತಿಯಲ್ಲಿ ಟೆನ್ಷನ್ ಎಂದರೆ ವೋಲ್ಟೇಜ್. ಅದೇ ತಂತಿಯನ್ನು ಎರಡು ಕಂಬಗಳ ನಡುವೆ ಎಳೆದು ಕಟ್ಟುವ ಲೈನ್‌ಮನ್‌ಗೆ ಟೆನ್ಷನ್ ಎಂದರೆ ಬಿಗಿತ. ಮೊದಲನೆಯದನ್ನು ವೋಲ್ಟಿನಲ್ಲಿ ಅಳೆಯುತ್ತೇವೆ, ಎರಡನೆಯದನ್ನು ನ್ಯೂಟನ್ನಿನಲ್ಲಿ. ನಾವು ಆ ಗೊಂದಲವನ್ನು ‘ಅಧಿಕ ಒತ್ತಡದ ತಂತಿ’ ಎಂದು ಅನುವಾದಿಸಿ ಮನೆಗೆ ತಂದುಕೊಂಡೆವು.

ಯಾವ ಏಕಮಾನದಲ್ಲಿ ಅಳೆಯುತ್ತೀರಿ ಎಂದು ಕೇಳಿದರೆ ಇಂಥ ಹಲವು ತೊಡಕುಗಳು ಬಿಡುತ್ತವೆ. ಎಲ್ಲವೂ ಅಲ್ಲ. ದ್ರವದ ಒತ್ತಡಕ್ಕೂ ಲೋಹದ ಸರಳಿನೊಳಗಿನ ಸ್ಟ್ರೆಸ್‌ಗೂ ಏಕಮಾನ ಒಂದೇ, ಪ್ಯಾಸ್ಕಲ್. ಆದರೆ ನಿಶ್ಚಲ ದ್ರವದ ಒಂದು ಬಿಂದುವಿನಲ್ಲಿ ಒತ್ತಡ ಎಲ್ಲ ದಿಕ್ಕಿಗೂ ಸಮ. ಸ್ಟ್ರೆಸ್ ಸಾಮಾನ್ಯವಾಗಿ ಹಾಗಲ್ಲ. ಮೇಲಾಗಿ ‘ಒತ್ತಡ’ ಬಂದಿರುವುದು ‘ಒತ್ತು’ ಎಂಬ ಕ್ರಿಯಾಪದದಿಂದ. ಎರಡೂ ತುದಿ ಹಿಡಿದು ಎಳೆದ ಸರಳಿನಲ್ಲಿ ‘ಒತ್ತಡ’ವಿದೆ ಎಂದರೆ ಕನ್ನಡದ ಕಿವಿಗೇ ಅದು ಒಗ್ಗದು. ಕೆಲವು ಪಠ್ಯಗಳು ‘ಪೀಡನ’ ಎನ್ನುತ್ತವೆ. ತರಗತಿಯಲ್ಲಿ ಹುಡುಗರು ನಗುತ್ತಾರೆ, ನಿಜ. ಆದರೂ ನನ್ನ ಮತ ಅದಕ್ಕೇ, ಏಕೆಂದರೆ ಭೌತವಿಜ್ಞಾನದ ತರಗತಿಯಲ್ಲಿ ಅದಕ್ಕೆ ಬೇರೆ ಕೆಲಸವಿಲ್ಲ. ವೋಲ್ಟೇಜಿಗಾದರೋ ಹೊಸ ಪದದ ಅಗತ್ಯವೇ ಇಲ್ಲ. ‘ವೋಲ್ಟೇಜ್ ಇಲ್ಲ’ ಎಂದು ರೈತರೇ ಹೇಳುವಾಗ ನಾವೇಕೆ ‘ವಿದ್ಯುತ್ ಒತ್ತಡ’ ಎಂದು ತಿದ್ದಬೇಕು?

ಎಲ್ಲ ಹಳೆಯ ಪದಗಳನ್ನೂ ಕಿತ್ತುಹಾಕಬೇಕೆಂದು ಇದರರ್ಥವಲ್ಲ. ‘ಅಶ್ವಶಕ್ತಿ’ಯಲ್ಲಿರುವುದು ಶಕ್ತಿಯಲ್ಲ, ಸಾಮರ್ಥ್ಯ, ಒಂದು ಅಶ್ವಶಕ್ತಿ ಎಂದರೆ ಸುಮಾರು 746 ವ್ಯಾಟ್. ಅದು ಬೇರೂರಿಬಿಟ್ಟಿದೆ, ಇರಲಿ. 5 ಅಶ್ವಶಕ್ತಿಯ ಪಂಪು 4 ಗಂಟೆ ಓಡಿದರೆ ನಷ್ಟಗಳನ್ನು ಬಿಟ್ಟು ಸುಮಾರು 15 ಯೂನಿಟ್ ಎಂದು ಕರಿಹಲಗೆಯ ಮೇಲೆ ಲೆಕ್ಕ ಮಾಡಿಸಿದರೆ ಸಾಕು, ಶಕ್ತಿ ಯಾವುದು, ಸಾಮರ್ಥ್ಯ ಯಾವುದು ಎಂದು ಮಕ್ಕಳೇ ಹೇಳುತ್ತಾರೆ.