ತಲೆಯೆತ್ತಿದ ಹಕ್ಕಿಯ ಚಿತ್ರ

ಛಾಯಾಗ್ರಹಣವು ಕೊಲ್ಲದ ಬೇಟೆ ಎಂಬ ಮಾತು ರೂಢಿಯಲ್ಲಿದೆ. ಕೋವಿಯ ಬದಲು ಕ್ಯಾಮೆರಾ ಹಿಡಿದ ಮಾತ್ರಕ್ಕೆ ಹಿಂಸೆ ನೀಗಿತೇ ಎಂಬ ಪ್ರಶ್ನೆಯನ್ನು ಒಡಿಶಾದ ಮಂಗಳಾಜೋಡಿಯ ಹಕ್ಕಿಚಿತ್ರಗಳು ಎತ್ತುತ್ತವೆ.

1981ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಚಿಲಿಕಾ ಸರೋವರದ ಉತ್ತರದ ಅಂಚಿನಲ್ಲಿರುವ ಈ ಹಳ್ಳಿ ಒಂದು ಕಾಲಕ್ಕೆ ಹಕ್ಕಿಬೇಟೆಗೆ ಕುಖ್ಯಾತವಾಗಿತ್ತು. 2000ನೆಯ ಇಸವಿಯ ಸುಮಾರಿಗೆ ಬೇಟೆಗಾರರಲ್ಲಿ ಅನೇಕರು ಆ ವೃತ್ತಿಯನ್ನು ತೊರೆದು ಹಕ್ಕಿಗಳ ಕಾವಲಿಗೆ ನಿಂತರು. ಗಳುವನ್ನೂರಿ ನಡೆಸುವ ದೋಣಿಗಳಲ್ಲಿ ಪ್ರವಾಸಿಗರನ್ನು ಕರೆದೊಯ್ಯುವುದೇ ಅವರ ಜೀವನೋಪಾಯವಾಯಿತು. ಈ ಪರಿವರ್ತನೆ ಸರ್ವಥಾ ಶ್ಲಾಘ್ಯ.

ಚಳಿಗಾಲದಲ್ಲಿ ಹಿಮಾಲಯದಾಚೆಯ ನಾಡುಗಳಿಂದ ಅಲ್ಲಿಗೆ ಬರುವ ಗಾಡ್ವಿಟ್ ಎಂಬ ಹಕ್ಕಿ ತನ್ನ ನೀಳವಾದ ಕೊಕ್ಕನ್ನು ಕೆಸರಿಗಿಳಿಸಿ, ಕಣ್ಣಿಗೆ ಕಾಣದ ಹುಳುವನ್ನು ಸ್ಪರ್ಶದಿಂದಲೇ ಅರಸುತ್ತದೆ. ಮರುಪಯಣಕ್ಕೆ ಬೇಕಾದ ಕೊಬ್ಬನ್ನು ಅದು ಹೀಗೆ ಮೇದೇ ಕೂಡಿಸಿಕೊಳ್ಳಬೇಕು. ಆದರೆ ಹೆಚ್ಚು ಮೆಚ್ಚುಗೆ ಪಡೆಯುವ ಚಿತ್ರಗಳಾವುವು? ಕತ್ತೆತ್ತಿ ನೇರವಾಗಿ ನೋಡುವ ಹಕ್ಕಿ, ಇಲ್ಲವೇ ಒಮ್ಮೆಲೇ ಬಾನಿಗೇರಿದ ಹಿಂಡು. ಇವುಗಳ ಸೌಂದರ್ಯ ನಿರ್ವಿವಾದ. ಎತ್ತಿದ ಕತ್ತು ಅನೇಕ ವೇಳೆ ನಿಂತುಹೋದ ಊಟದ ಗುರುತೆಂಬುದೂ ಅಷ್ಟೇ ದಿಟ. ಗಿಡುಗವನ್ನು ಕಂಡೂ ಹಿಂಡು ಏಳಬಹುದು. ಕಾರಣವನ್ನು ಚಿತ್ರವೊಂದೇ ಹೇಳಲಾರದು. ಆದುದರಿಂದ ವಿಮರ್ಶೆಯು ಬೆಳಕು, ವಿನ್ಯಾಸಗಳಷ್ಟಕ್ಕೇ ನಿಲ್ಲದೆ ಚಿತ್ರ ತೆಗೆದ ಬಗೆಯನ್ನೂ ವಿಚಾರಿಸಬೇಕು.

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನನಿರೋಧವನ್ನೂ ಎಣಿಸಿದೆ. ಅದು ಮನುಷ್ಯನ ಅಧೀನದಲ್ಲಿರುವ ಜೀವಿಗಳನ್ನು ಕುರಿತದ್ದೆಂದು ವಾದಿಸಬಹುದು. ಆದರೆ ಆಹಾರ ತಪ್ಪಿದ ಜೀವಕ್ಕೆ, ಕಟ್ಟಿಹಾಕಿದವನಿಗೂ ಬೆದರಿಸಿ ಎಬ್ಬಿಸಿದವನಿಗೂ ಏನು ಭೇದ? ‘ಇನ್ನೂ ಸ್ವಲ್ಪ ಹತ್ತಿರ’ ಎಂದು ಒತ್ತಾಯಿಸುವ ಗಿರಾಕಿಯ ಮಾತನ್ನು ಮೀರುವುದು ದೋಣಿಯವನಿಗೆ ಸುಲಭವಲ್ಲ. ಅವನ ಮನೆಯ ಅನ್ನ ಆ ಗಿರಾಕಿಯ ಕೈಯಲ್ಲಿದೆ. ಅಲ್ಲಿ ಮಾಡಿದವನಿಗಿಂತ ಮಾಡಿಸಿದವನ ಹೊಣೆಯೇ ಹಿರಿದು.

ಕೃತ, ಕಾರಿತ, ಅನುಮೋದಿತ ಎಂಬ ಮೂರರಲ್ಲಿ ಕಡೆಯದು ನೋಡುಗರ ಪಾಲಿನದು. ಬಹುಮಾನ ಕೊಡುವವರು, ಮನೆಯ ಗೋಡೆಗೆ ಚಿತ್ರ ತೂಗುಹಾಕುವವರು, ಬಸದಿಯ ದಿನದರ್ಶಿಕೆಗೆ ಜೀವದಯೆಯ ಹೆಸರಿನಲ್ಲಿ ಹಕ್ಕಿಯ ಚಿತ್ರವನ್ನು ಆರಿಸುವ ಟ್ರಸ್ಟಿನವರು, ಎಲ್ಲರೂ ಇದರಲ್ಲಿ ಭಾಗಿಗಳೇ. ಅದು ಎಷ್ಟು ದೂರದಿಂದ ತೆಗೆದದ್ದು, ಹಕ್ಕಿ ಆಮೇಲೂ ಮೇಯುತ್ತಿತ್ತೇ ಎಂದು ಕೇಳುವುದು ಅವರಿಗೆ ಕಷ್ಟವೇನಲ್ಲ. ಕೊಕ್ಕನ್ನು ಕೆಸರಿನಲ್ಲಿಟ್ಟು, ಮನುಷ್ಯನ ಪರಿವೆಯೇ ಇಲ್ಲದೆ ಮೇಯುವ ಹಕ್ಕಿಯ ಚಿತ್ರ ಮೊದಲ ನೋಟಕ್ಕೆ ಸಾಧಾರಣವೆನಿಸೀತು. ತೆಗೆದವನ ಸಂಯಮ ಕಾಣುವುದು ಅದರಲ್ಲಿಯೇ.