‘ಮೆಸ್ಸಿಸ್’ ಎಂದರೆ ಸುಗ್ಗಿಯೇ? ಒಂದು ಸಮೀಕರಣದ ವಿಮರ್ಶೆ

ಲ್ಯಾಟಿನ್ನಿನ ‘ಮೆಸ್ಸಿಸ್’ ಶಬ್ದಕ್ಕೆ ಕನ್ನಡದಲ್ಲಿ ‘ಸುಗ್ಗಿ’ ಎಂದು ಬರೆದುಬಿಡುವುದು ಸುಲಭ. ಇಂಗ್ಲಿಷಿನ ‘ಹಾರ್ವೆಸ್ಟ್’ ಶಬ್ದವನ್ನು ನಡುವೆ ನಿಲ್ಲಿಸಿಕೊಂಡರೆ ಎರಡೂ ಕಡೆಯ ಲೆಕ್ಕ ಸರಿಹೋದಂತೆ ತೋರುತ್ತದೆ. ಈ ಸಮೀಕರಣವು ಎರಡು ಶಬ್ದಗಳ ಅರ್ಥವಿಕಾಸದ ದಿಕ್ಕನ್ನೇ ಮರೆಮಾಡುತ್ತದೆ ಎಂಬುದು ನಮ್ಮ ವಾದ.

‘ಮೆಸ್ಸಿಸ್’ ಕ್ರಿಯೆಯಿಂದ ಹುಟ್ಟಿದ ನಾಮಪದ. ‘ಮೆತೆರೆ’, ಅಂದರೆ ಕೊಯ್ಯು, ಎಂಬ ಧಾತುವಿಗೆ ‘ತಿ’ ಪ್ರತ್ಯಯ ಸೇರಿ, ಎರಡು ದಂತ್ಯಗಳು ಕೂಡಿದೆಡೆ ಸಕಾರದ ದ್ವಿತ್ವ ಬಂದಿದೆ. ಮೊದಲ ಅರ್ಥ ಕೊಯ್ಯುವಿಕೆ. ಅಲ್ಲಿಂದ ಕೊಯ್ದ ಫಸಲು, ಕೊಯ್ಲಿಗೆ ನಿಂತ ಪೈರು, ಕೊಯ್ಯುವ ಕಾಲ. ಕವಿ ಮಾರ್ಷಲ್ ಒಬ್ಬನ ವಯಸ್ಸನ್ನೇ ಮೆಸ್ಸಿಸ್‌ಗಳಲ್ಲಿ ಎಣಿಸುತ್ತಾನೆ. ಸಂಸ್ಕೃತದಲ್ಲಿ ಶರತ್ತು ವರ್ಷವಾದಂತೆ. ಲ್ಯಾಟಿನ್ ಬೈಬಲಿನ ಮತ್ತಾಯನ ಸುವಾರ್ತೆಯಲ್ಲಿ ಒಂಬತ್ತನೆಯ ಅಧ್ಯಾಯದ ‘ಮೆಸ್ಸಿಸ್’ ಕೂಲಿಯಾಳುಗಳಿಗಾಗಿ ಕಾದು ನಿಂತ ಬೆಳೆ. ಹದಿಮೂರನೆಯದರಲ್ಲಿ ಕಾಲವನ್ನು ಸೂಚಿಸಲು ‘ಕಾಲ’ವೆಂಬ ಶಬ್ದವನ್ನು ಜೊತೆಗೆ ಸೇರಿಸಬೇಕಾಗಿದೆ.

ಈ ಶಬ್ದದ ನಿಷ್ಪತ್ತಿಯನ್ನು ಕ್ರಿಸ್ತಪೂರ್ವ ಮೊದಲ ಶತಮಾನದ ವಾರೋ ತನ್ನ ಕೃಷಿಗ್ರಂಥದಲ್ಲಿ ಬೇರೆಯೇ ರೀತಿಯಲ್ಲಿ ಹೇಳುತ್ತಾನೆ. ಅವನು ಮೂರು ಬಗೆಯ ಕೊಯ್ಲನ್ನು ವಿವರಿಸುತ್ತಾನೆ: ಉಂಬ್ರಿಯಾದಲ್ಲಿ ಹುಲ್ಲನ್ನು ನೆಲದ ಹತ್ತಿರಕ್ಕೆ ಕತ್ತರಿಸುತ್ತಾರೆ, ಪಿಕೇನುಮ್‌ನಲ್ಲಿ ಮರದ ಬಾಗಿದ ಹಿಡಿಗೆ ಚಿಕ್ಕ ಕಬ್ಬಿಣದ ಗರಗಸ ಸೇರಿಸಿ ತೆನೆಯನ್ನಷ್ಟೇ ತೆಗೆಯುತ್ತಾರೆ, ರೋಮಿನ ಸುತ್ತ ಎಡಗೈಯಲ್ಲಿ ತುದಿ ಹಿಡಿದು ದಂಟಿನ ನಡುವೆ ಕೊಯ್ಯುತ್ತಾರೆ. ನಡುವಿಗೆ ‘ಮೆದಿಯುಮ್’ ಎನ್ನುವುದರಿಂದ ‘ಮೆಸ್ಸಿಸ್’ ಬಂದಿರಬೇಕೆಂದು ಅವನ ಊಹೆ. ಭಾಷಾಶಾಸ್ತ್ರದ ದೃಷ್ಟಿಯಿಂದ ಇದು ತಪ್ಪು. ಆದರೆ ತಪ್ಪು ಮಾಡುವ ಮುನ್ನ ಅವನು ಗದ್ದೆಗಳನ್ನು ನೋಡಿದ್ದ. ಸಮೀಕರಣಕಾರರು ಅಷ್ಟನ್ನೂ ಮಾಡುವುದಿಲ್ಲ.

‘ಸುಗ್ಗಿ’ಯ ದಾರಿ ತಿರುವುಮುರುವು. ಹಳಗನ್ನಡದಲ್ಲಿ ಅದು ವಸಂತ. ಆ ಋತುವಿನ ಹೆಸರು ಕೊಯ್ಲಿನ ಕಾಲಕ್ಕೆ, ಅದರ ಸಮೃದ್ಧಿಗೆ ಹರಡಿತು. ಇಂಗ್ಲಿಷಿನ ಶಬ್ದವೂ ಹಳೆಯ ರೂಪದಲ್ಲಿ ಶರತ್ಕಾಲದ ಹೆಸರೇ. ಜರ್ಮನ್ನಿನ ‘ಹೆರ್ಬ್‌ಸ್ಟ್’ ಇಂದಿಗೂ ಹಾಗೆಯೇ ಉಳಿದಿದೆ. (ಇನ್ನೂ ಆಳದಲ್ಲಿ ಅದಕ್ಕೂ ಲ್ಯಾಟಿನ್ನಿನ ‘ಕಾರ್ಪೆರೆ’, ಅಂದರೆ ಕೀಳು, ಎಂಬುದಕ್ಕೂ ನಂಟಿದೆ, ಅದು ಬೇರೆ ಮಾತು.) ಋತುವಿನಿಂದ ಕ್ರಿಯೆಗೆ ಬಂದ ಈ ಎರಡು ಶಬ್ದಗಳ ನಡುವೆ, ಕ್ರಿಯೆಯಿಂದ ಕಾಲಕ್ಕೆ ಹೋದ ‘ಮೆಸ್ಸಿಸ್’ ಸಿಕ್ಕಿಕೊಂಡಿದೆ. ಅದರ ನಿಜವಾದ ಜೊತೆ ‘ಕೊಯ್’ ಧಾತುವಿನ ‘ಕೊಯ್ಲು’. ಈ ಜೋಡಿಯೂ ಪೂರ್ಣವಲ್ಲ: ನಾವು ಹೂವನ್ನೂ ಕೊಯ್ಯುತ್ತೇವೆ, ರೋಮನರು ದ್ರಾಕ್ಷಿಯ ಕೊಯ್ಲಿಗೆ ‘ವಿಂದೇಮಿಯಾ’ ಎಂಬ ಬೇರೆ ಶಬ್ದ ಇಟ್ಟುಕೊಂಡಿದ್ದರು.

ಸಮೀಕರಣದ ದೋಷ ಎದ್ದು ಕಾಣುವುದು ತುಳುನಾಡಿನಲ್ಲಿ. ಇಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಭತ್ತದ ಮೂರು ಬೆಳೆಗಳು; ಸುಗ್ಗಿ ಅವುಗಳಲ್ಲಿ ಎರಡನೆಯದು ಮಾತ್ರ. ಬೆಟ್ಟು ಗದ್ದೆಯಲ್ಲಿ ಏಣೆಲೊಂದೇ, ಮಜಲಿನಲ್ಲಿ ಎರಡು, ಬೈಲಿನಲ್ಲಿ ಮೂರೂ. ಆದುದರಿಂದ ಬೆಟ್ಟು ಗದ್ದೆಯ ಒಕ್ಕಲಿಗೆ ಕೊಯ್ಲು ಉಂಟು, ಸುಗ್ಗಿ ಇಲ್ಲ. ಮೇಲಾಗಿ ‘ಸುಗ್ಗಿ’ ತುಳು ವರ್ಷದ ಕೊನೆಯ ತಿಂಗಳು, ಮಾರ್ಚ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ. ಸುಗ್ಗಿ ಬೆಳೆಯ ಕೊಯ್ಲು ಅಷ್ಟರೊಳಗೆ, ಜನವರಿ-ಫೆಬ್ರವರಿಯಲ್ಲೇ, ಮುಗಿದಿರುತ್ತದೆ. ತಿಂಗಳ ಹೆಸರು ಹಳಗನ್ನಡದ ವಸಂತಾರ್ಥದ ಕಡೆಗೆ ನಿಂತಿದೆ, ಬೆಳೆಯ ಹೆಸರು ಗದ್ದೆಯ ಕಡೆಗೆ. ಒಂದೇ ಊರಿನ ಮಾತಿನಲ್ಲಿ ಎರಡೂ ಬದುಕಿವೆ.

ಬದುಕಿದ್ದವು ಎನ್ನಬೇಕೇನೋ. ಸುರತ್ಕಲ್ ಸಮೀಪದ ಕಾಟಿಪಳ್ಳವನ್ನು ನೋಡಬಹುದು. 1975ರಲ್ಲಿ ಉದ್ಘಾಟನೆಗೊಂಡ ನವಮಂಗಳೂರು ಬಂದರಿಗಾಗಿ ಪಣಂಬೂರಿನ ಸುತ್ತ ನೆಲ ಬಿಟ್ಟ ಕುಟುಂಬಗಳಿಗೆ ಇಲ್ಲಿ ನಿವೇಶನ ದೊರೆಯಿತು. ನಿವೇಶನಕ್ಕೆ ಬೆಟ್ಟು, ಮಜಲು, ಬೈಲು ಎಂಬ ಭೇದವಿಲ್ಲ. ಗದ್ದೆ ಇಲ್ಲದೆಡೆ ಏಣೆಲೂ ಕೊಳಕೆಯೂ ಮಾತಿನಿಂದ ಜಾರುತ್ತವೆ. ‘ಸುಗ್ಗಿ’ ಉಳಿಯುತ್ತದೆ, ಆದರೆ ಶಾಲೆಯ ಪಾಠದ, ಪತ್ರಿಕೆಯ ಶೀರ್ಷಿಕೆಯ ಸುಗ್ಗಿಯಾಗಿ. ಮೂರರಲ್ಲಿ ಒಂದಾಗಿದ್ದ ಶಬ್ದ ಎಲ್ಲಕ್ಕೂ ಒಂದೇ ಆಗುವುದನ್ನು ಅರ್ಥವಿಸ್ತಾರವೆಂದು ಕರೆಯುವ ವಾಡಿಕೆ ನಮ್ಮ ಶಾಸ್ತ್ರದಲ್ಲಿದೆ. ಪಕ್ಕದ ಎರಡು ಶಬ್ದಗಳು ಬಿದ್ದುಹೋದುದರಿಂದ ದೊರೆತ ಈ ವಿಸ್ತಾರಕ್ಕೆ ಆ ಹೆಸರು ಒಪ್ಪುವುದೆಂದು ನಮಗೆ ಅನಿಸುವುದಿಲ್ಲ.

ಮಂಗಳೂರಿನಲ್ಲೇ ಮ್ಯಾನರನ ತುಳು ನಿಘಂಟು 1886ರಲ್ಲಿ, ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಅಚ್ಚಾದವು. ದ್ವಿಭಾಷಾ ನಿಘಂಟಿನ ಪರಂಪರೆ ಇಷ್ಟು ಹಳೆಯದಾದ ಊರಿನಲ್ಲಿ ನಮ್ಮ ಬೇಡಿಕೆ ಚಿಕ್ಕದು: ‘ಮೆಸ್ಸಿಸ್’ಗೆ ಮೊದಲು ‘ಕೊಯ್ಲು’ ಬರಲಿ, ಆಮೇಲೆ ‘ಬೆಳೆ’, ‘ಸುಗ್ಗಿ’ ಕೊನೆಗೆ, ಕಾಲವಾಚಿಯೆಂಬ ಗುರುತಿನೊಡನೆ. ‘ಸುಗ್ಗಿ’ಯ ಉಲ್ಲೇಖದಲ್ಲಿ ವಸಂತ, ಎರಡನೆಯ ಬೆಳೆ, ಹನ್ನೆರಡನೆಯ ತಿಂಗಳು ಎಂಬ ಮೂರನ್ನೂ ಪ್ರದೇಶಸಹಿತ ಬೇರೆಬೇರೆಯಾಗಿ ನಮೂದಿಸಲಿ.