ಪಾಠಭೇದವೂ ಭಾಷಾಚರಿತ್ರೆಯೂ: ಡಾ. ಆ. ನೇ. ಉಪಾಧ್ಯೆಯವರ ಸಂಪಾದನ ದೃಷ್ಟಿ

ಉಗಾರ ಖುರ್ದದಿಂದ ಚಿಕ್ಕೋಡಿಯವರೆಗಿನ ಸೀಮೆಯಲ್ಲಿ ಕನ್ನಡ ಮರಾಠಿಗಳೆರಡೂ ನಿತ್ಯವ್ಯವಹಾರದ ನುಡಿಗಳು. ಬಸದಿಗಳಲ್ಲಿ ಪ್ರಾಕೃತ ಗಾಹೆಗಳ ಪಠನವೂ ಉಂಟು. ಈ ಸೀಮೆಯ ಸದಲಗಾದಲ್ಲಿ 1906ರಲ್ಲಿ ಜನಿಸಿ, ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿಯೂ ಕೊನೆಗೆ ಮೈಸೂರು ವಿಶ್ವವಿದ್ಯಾಲಯದಲ್ಲಿಯೂ ಅಧ್ಯಾಪನ ನಡೆಸಿ, 1975ರಲ್ಲಿ ದಿವಂಗತರಾದ ಡಾ. ಆದಿನಾಥ ನೇಮಿನಾಥ ಉಪಾಧ್ಯೆಯವರನ್ನು ಗ್ರಂಥಸಂಪಾದಕರೆಂದು ಎಲ್ಲರೂ ಬಲ್ಲರು. ಭಾಷಾಚರಿತ್ರಕಾರರಾಗಿ ಅವರು ಸಾಧಿಸಿದುದರ ವಿವೇಚನೆ ಅಷ್ಟಾಗಿ ನಡೆದಿಲ್ಲ.

ಅವರ ದೃಷ್ಟಿಯಲ್ಲಿ ಪಾಠಭೇದವು ಲಿಪಿಕಾರನ ಪ್ರಮಾದ ಮಾತ್ರವಲ್ಲ, ಭಾಷೆಯ ವಿಕಾಸಕ್ಕೆ ಸಾಕ್ಷಿಯೂ ಆಗಬಲ್ಲುದು. 1935ರ 'ಪ್ರವಚನಸಾರ'ದ ಪ್ರಸ್ತಾವನೆಯಲ್ಲಿ ಕುಂದಕುಂದಾಚಾರ್ಯರ ಭಾಷೆಯನ್ನು ಪರೀಕ್ಷಿಸುವಾಗ, ಪಿಶೆಲ್ ಪಂಡಿತನು ಜೈನ ಶೌರಸೇನಿಯೆಂದು ಕರೆದ ಪ್ರಭೇದದ ಸ್ವರೂಪವನ್ನು ಅವರು ಉದಾಹರಣೆಗಳಿಂದ ನಿರೂಪಿಸಿದರು. 1937ರ 'ಪರಮಾತ್ಮಪ್ರಕಾಶ'ದಲ್ಲಿ ಜೋಇಂದುವಿನ ಅಪಭ್ರಂಶವನ್ನು 12ನೆಯ ಶತಮಾನದ ಹೇಮಚಂದ್ರನ ವ್ಯಾಕರಣದೊಡನೆ ಹೋಲಿಸಿ, ಅವೆರಡರ ಅಂತರವನ್ನು ಎತ್ತಿ ತೋರಿಸಿದರು. ಸೂತ್ರಕ್ಕೆ ಹೊಂದುವಂತೆ ಕವಿಯ ಪ್ರಯೋಗವನ್ನು ತಿದ್ದಿದ್ದರೆ ಈ ಅಂತರವೇ ಅಳಿದುಹೋಗುತ್ತಿತ್ತು.

ಭಾಷಾವೈವಿಧ್ಯಕ್ಕೆ ಉದ್ದ್ಯೋತನಸೂರಿಯ 'ಕುವಲಯಮಾಲಾ'ಕ್ಕಿಂತ ಶ್ರೇಷ್ಠ ನಿದರ್ಶನ ವಿರಳ. ಕ್ರಿ.ಶ. 779ರಲ್ಲಿ ಜಾಬಾಲಿಪುರದಲ್ಲಿ ಮುಗಿದ ಈ ಕಥೆಯ ಒಂದು ಪೇಟೆಯ ವರ್ಣನೆಯಲ್ಲಿ ನಾನಾ ದೇಶಗಳ ವರ್ತಕರು ತಂತಮ್ಮ ನುಡಿಯಲ್ಲಿ ಮಾತನಾಡುತ್ತಾರೆ. ಅವರಲ್ಲಿ ಕರ್ಣಾಟಕರೂ ಇದ್ದಾರೆ. ಜೈಸಲಮೇರಿನ ತಾಳೆಯೋಲೆ ಪ್ರತಿಯನ್ನೂ ಪುಣೆಯ ಕಾಗದದ ಪ್ರತಿಯನ್ನೂ ಆಧರಿಸಿ ಉಪಾಧ್ಯೆಯವರು ಅದರ ಮೂಲವನ್ನು 1959ರಲ್ಲಿ ಪ್ರಕಟಿಸಿದರು. ಆದರೆ ಅಲ್ಲಿನ ಕನ್ನಡ ಪದಗಳು ಪ್ರಾಕೃತ ಕವಿಯ ಕಿವಿಯನ್ನೂ ಪಶ್ಚಿಮ ಭಾರತದ ಲಿಪಿಕಾರರ ಕೈಯನ್ನೂ ದಾಟಿ ಬಂದವು. ಅವನ್ನು 8ನೆಯ ಶತಮಾನದ ಕನ್ನಡವೆಂದು ನೇರವಾಗಿ ಗ್ರಹಿಸುವುದು ಯುಕ್ತವಲ್ಲ.

ಇದೇ ಎಚ್ಚರವನ್ನು ಅವರ ಕಾಲನಿರ್ಣಯಕ್ಕೂ ಅನ್ವಯಿಸಬೇಕು. ಜೋಇಂದುವನ್ನು 6ನೆಯ ಶತಮಾನಕ್ಕೆ ಸೇರಿಸುವಾಗ ಅವರು ಚಂಡನ 'ಪ್ರಾಕೃತಲಕ್ಷಣ'ದಲ್ಲಿ ಉದ್ಧೃತವಾದ ಒಂದು ದೋಹೆಯನ್ನು ಆಧಾರವಾಗಿ ಹಿಡಿದರು. ಚಂಡನ ಗ್ರಂಥದ ಪಾಠವಾದರೋ ಪ್ರತಿಯಿಂದ ಪ್ರತಿಗೆ ಭಿನ್ನ. ಅವನ ಕಾಲವೂ ವಿವಾದಗ್ರಸ್ತ. ಆದ್ದರಿಂದ ಈ ನಿರ್ಣಯವನ್ನು ಸಿದ್ಧಾಂತವೆಂದಲ್ಲ, ಸಂಭಾವನೆಯೆಂದು ಮಾತ್ರ ಸ್ವೀಕರಿಸುವುದು ಉಚಿತ. ಹೀಗೆ ಹೇಳುವುದರಿಂದ ಅವರ ಹಿರಿಮೆಗೆ ಕುಂದಿಲ್ಲ. ಪರೀಕ್ಷೆಯ ಅಳತೆಗೋಲನ್ನು ಕೊಟ್ಟವರೂ ಅವರೇ.

ಕನ್ನಡ ಲಿಪಿಯ ಪ್ರಾಕೃತ ಓಲೆಗಳನ್ನು ಸಂಪಾದಿಸುವವರಿಗೆ ಇದರಿಂದ ಒಂದು ವಿಧಿ ದೊರೆಯುತ್ತದೆ: ವ್ಯಾಕರಣಕ್ಕೆ ಒಗ್ಗದ ರೂಪವನ್ನು ಅಶುದ್ಧವೆಂದು ತೊಡೆದುಹಾಕುವ ಮೊದಲು ಅಡಿಟಿಪ್ಪಣಿಯಲ್ಲಾದರೂ ಉಳಿಸಬೇಕು. ಓಲೆ ಶಿಥಿಲವಾದ ಬಳಿಕ ಆ ರೂಪಕ್ಕೆ ಬೇರೆ ಸಾಕ್ಷಿ ಉಳಿಯದು.